ಕಾಂಪೌಂಡಿನ ಆಚೆ ಬಿದ್ದ ನೀಲಿ ಗುಳಿಗೆ

ಸೋಮವಾರ ಬಂತೆಂದರೆ ನನ್ನ ಮೊದಲ ಪಿರಿಯಡ್ಡಿನ ಹತ್ತು ನಿಮಿಷ ಗುಳಿಗೆಗೆ ಮೀಸಲಾಗಿರುತ್ತಿತ್ತು. ಹಾಜರಿ ಕರೆದ ಮೇಲೆ ಕಪಾಟಿನಿಂದ ಗುಳಿಗೆಯ ಪಟ್ಟಿಗಳನ್ನು ತೆಗೆದು ಒಂದೊಂದನ್ನೇ ಮಕ್ಕಳ ಅಂಗೈಗೆ ಹಾಕುತ್ತ ಹೋಗುವುದು, ‘ನುಂಗಿದಿರಾ?’ ಎಂದು ಕೇಳುವುದು, ‘ನುಂಗೀವ್ರಿ ಸರ್’ ಎಂಬ ಸಾಮೂಹಿಕ ಉತ್ತರ ಬಂದೊಡನೆ ರಿಜಿಸ್ಟರಿನಲ್ಲಿ ಸರಿ ಗುರುತು ಹಾಕುವುದು. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ನೀಲಿ ಗುಳಿಗೆ ಅದು. ಹದಿಹರೆಯದ ಮಕ್ಕಳ ರಕ್ತಹೀನತೆ ತಡೆಯಲೆಂದು ಕೇಂದ್ರ ಸರ್ಕಾರ 2012-13ರ ಸುಮಾರಿಗೆ ಶುರುಮಾಡಿದ ಸಾಪ್ತಾಹಿಕ ಕಾರ್ಯಕ್ರಮದ್ದು. ಆಗ ಒಂದು ಗುಳಿಗೆಯಲ್ಲಿ 100 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತಿತ್ತು. ವಾರಕ್ಕೊಂದು ಗುಳಿಗೆ, ಅದರ ಜೊತೆಗೆ ವರ್ಷಕ್ಕೆರಡು ಸಲ ಜಂತುಹುಳದ ಗುಳಿಗೆ. ಭಾಲ್ಕಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವನು ನಾನೊಬ್ಬನೇ ಆದ್ದರಿಂದ ಈ ಜವಾಬ್ದಾರಿ ತಾನಾಗಿ ನನ್ನ ಕೊರಳಿಗೆ ಬಿದ್ದಿತ್ತು. ಹೊರೆ ಎಂದು ನನಗೇನೂ ಅನಿಸಿರಲಿಲ್ಲ. ನನ್ನ ರಿಜಿಸ್ಟರು ಬಲು ಅಚ್ಚುಕಟ್ಟು. ತಿಂಗಳ ಕೊನೆಗೆ ಲೆಕ್ಕ ಕಳಿಸುವಾಗ ಯಾವಾಗಲೂ ನೂರಕ್ಕೆ ನೂರು.

ಆ ನೂರು ಹೇಗೆ ಕೆಳಗಿಳಿಯಿತು ಎಂದು ಹೇಳಬೇಕಾದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳಬೇಕು. ಹೆಸರು ಬೇಡ. ಹೆಸರು ಬರೆದರೆ ‘ನನ್ನ ಹೆಸರು ಯಾಕ್ ಬೇಕಿತ್ರಿ ಸರ್’ ಎಂದು ಜಗಳಕ್ಕೆ ಬರುವ ಪೈಕಿ ಅವಳು.

ಭಾಲ್ಕಿಗೆ ಬರುವ ಮೊದಲು ನಾನು ಔರಾದ ತಾಲ್ಲೂಕಿನಲ್ಲಿದ್ದೆ. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು ಅವಳದು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಸೋದರಮಾವನ ಊರಿಗೆ ಹೋದರೆ ತೆಲುಗು. ಔರಾದ ಕಡೆಯವರಿಗೆ ಇದೇನು ವಿಶೇಷವಲ್ಲ. ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡಬಲ್ಲ ಮುದುಕಿಯರು ಅಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಹುಡುಗಿ ಚುರುಕಾಗಿದ್ದಳು. ಬೀದರಿನಲ್ಲಿ ಬಿಎಸ್ಸಿ ಮುಗಿಸಿದಾಗ ನಾನೇ ಅವಳ ತಂದೆಗೆ ಹೇಳಿ ಕಳಿಸಿದೆ: ಬಿಎಡ್ ಮಾಡಿಸಿರಿ, ನೌಕರಿಗೆ ಮೋಸವಿಲ್ಲ. 371-ಜೆ ಬಂದ ಹೊಸತು ಅದು. ನಮ್ಮ ಭಾಗದ ಮಕ್ಕಳಿಗೆ ಮೀಸಲಾತಿ ಸಿಕ್ಕಿತ್ತು. ನನ್ನ ಸಲಹೆಯಲ್ಲಿ ತಪ್ಪೇನಿರಲಿಲ್ಲ.

ಆದರೆ ಅವಳು ಬೆಂಗಳೂರಿಗೆ ಹೊರಟು ನಿಂತಳು. ಸಮುದಾಯ ಆರೋಗ್ಯದ ನಾಯಕತ್ವ ತರಬೇತಿಯಂತೆ.

‘ಡಾಕ್ಟರ್ ಆಗ್ತೀಯೇನು?’ ಎಂದೆ. ಇಲ್ಲ. ‘ನರ್ಸ್?’ ಅದೂ ಅಲ್ಲ. ‘ಮುಗಿದ ಮೇಲೆ ಏನು ಸರ್ಟಿಫಿಕೇಟು, ಅದಕ್ಕೆ ಏನು ಬೆಲೆ?’ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ‘ನಾಯಕತ್ವ’ ಎಂಬ ಮಾತು ಕೇಳಿ ಅವಳ ತಂದೆ ನನ್ನನ್ನು ಪಕ್ಕಕ್ಕೆ ಕರೆದು, ‘ಮಾಸ್ತರ್ರೇ, ಪೋರಿನ್ನ ಎಲೆಕ್ಷನ್‌ಗೆ ನಿಲ್ಲಸ್ತಾರೇನ್ರಿ?’ ಎಂದು ಕೇಳಿದ. ನಮ್ಮಲ್ಲಿ ನಾಯಕ ಅಂದರೆ ಬಿಳಿ ಅಂಗಿ, ಹಿಂದೆ ನಾಲ್ಕು ಜೀಪು. ಅವನ ಪ್ರಶ್ನೆಗೆ ನಕ್ಕೆನೇ ಹೊರತು ನನಗೂ ಅದಕ್ಕಿಂತ ಹೆಚ್ಚಿಗೆ ಏನೂ ತಿಳಿದಿರಲಿಲ್ಲ.

ಅಮೇಲೆ ಓದಿ ತಿಳಿದುಕೊಂಡೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಡಾ. ರವಿ ನಾರಾಯಣ್, ಡಾ. ಥೆಲ್ಮಾ ನಾರಾಯಣ್ ದಂಪತಿ ಮತ್ತು ಅವರ ಕೆಲವು ಗೆಳೆಯರು 1984ರಲ್ಲಿ ಕಾಲೇಜಿನ ಗೋಡೆ ದಾಟಿ ಹೊರಬಂದು ಕಮ್ಯುನಿಟಿ ಹೆಲ್ತ್ ಸೆಲ್ ಎಂಬ ಚಿಕ್ಕ ಕೇಂದ್ರ ತೆರೆದರು. ರೋಗಿ ಬಂದ ಮೇಲೆ ಔಷಧ ಕೊಡುವುದು ಒಂದು ಕೆಲಸ; ಜನ ರೋಗಿಗಳಾಗುವುದು ಯಾಕೆ ಎಂದು ಊರಲ್ಲಿ ಕೂತು ಕೇಳುವುದು ಇನ್ನೊಂದು ಕೆಲಸ. ಅವರು ಎರಡನೆಯದನ್ನು ಹಿಡಿದರು. ಅದೇ ಮುಂದೆ ಸೋಚಾರಾ ಎಂಬ ಸಂಸ್ಥೆಯಾಗಿ ಬೆಳೆದು, 2003ರಿಂದ ಯುವಜನರಿಗೆ ಸಮುದಾಯ ಆರೋಗ್ಯದ ಫೆಲೋಶಿಪ್ ಕೊಡತೊಡಗಿತು. ಕೆಲವು ವಾರ ತರಗತಿ, ಉಳಿದ ಕಾಲ ಹಳ್ಳಿ, ಕೊಳೆಗೇರಿ, ಹಾಡಿ. ಡಾಕ್ಟರೇ ಆಗಿರಬೇಕೆಂಬ ಕಟ್ಟಳೆ ಇಲ್ಲ. ಇದೇ ಹಾದಿ ಹಿಡಿದ ತರಬೇತಿಗಳು ಆಮೇಲೆ ಬೇರೆ ಕಡೆಯೂ ನಡೆದವು. ಅಂಥದ್ದೊಂದಕ್ಕೆ ಈ ಹುಡುಗಿ 2015ರಲ್ಲಿ ಸೇರಿದಳು.

ನಮ್ಮ ಜಿಲ್ಲೆಗೆ ಇಂಥ ಮಂದಿ ಬೇಕಾಗಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಡಾ. ಎಚ್. ಸುದರ್ಶನ್ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರ 1999ರಲ್ಲಿ ರಚಿಸಿದ ಆರೋಗ್ಯ ಕಾರ್ಯಪಡೆ 2001ರಲ್ಲಿ ವರದಿ ಕೊಟ್ಟಾಗ ಉತ್ತರದ ಜಿಲ್ಲೆಗಳ ಹಿಂದುಳಿದಿರುವಿಕೆಯನ್ನು ಒತ್ತಿ ಹೇಳಿತ್ತು. ಮರುವರ್ಷ ಬಂದ ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿತು. ಅದರಲ್ಲಿ 21 ಗುಲಬರ್ಗಾ ವಿಭಾಗದವೇ. ವರದಿಗಳಿಗೆ ನಮ್ಮಲ್ಲಿ ಎಂದೂ ಬರಗಾಲವಿರಲಿಲ್ಲ ಬಿಡಿ.

ಬೀದರಿನಿಂದ ಯಶವಂತಪುರದ ರೈಲು ಹತ್ತಿ ಹೋದವಳು ಮೊದಲ ಹದಿನೈದು ದಿನ ಬಾಯಿ ಬಿಡಲಿಲ್ಲವಂತೆ. ಜೊತೆಗಿದ್ದವರಲ್ಲಿ ಎಂಬಿಬಿಎಸ್ ಆದವರಿದ್ದರು, ದಂತವೈದ್ಯರಿದ್ದರು, ಎಂಎಸ್‌ಡಬ್ಲ್ಯು ಮಾಡಿದವರಿದ್ದರು. ಎಲ್ಲರ ಮಾತೂ ಇಂಗ್ಲಿಷ್. ರಾತ್ರಿ ಹಾಸ್ಟೆಲಿನಲ್ಲಿ ಅತ್ತಿದ್ದೂ ಉಂಟು. ಒಂದು ದಿನ ತರಬೇತಿಯವರು ಎಲ್ಲರ ಮುಂದೆ ದೊಡ್ಡ ಹಾಳೆ ಹಾಸಿ, ನಿಮ್ಮ ನಿಮ್ಮ ಊರಿನ ನಕ್ಷೆ ಬರೆಯಿರಿ ಎಂದರು. ಗುಡಿ, ಮಸೀದಿ, ಶಾಲೆ, ರಸ್ತೆ ಎಲ್ಲ ಆಯಿತು. ಕುಡಿಯುವ ನೀರು ಎಲ್ಲಿದೆ? ಗುರುತು ಹಾಕಿರಿ. ಯಾರ ಓಣಿ ಎಲ್ಲಿದೆ? ಹಾಕಿರಿ. ಈಗ, ನಿಮಗೆ ನೆನಪಿರುವಂತೆ ಕೂಸು ತೀರಿಕೊಂಡ ಮನೆಗಳಿಗೆ ಚುಕ್ಕಿ ಇಡಿರಿ.

ಎಂಬಿಬಿಎಸ್ಸಿನವರಿಗೆ ನಗರದಲ್ಲಿ ತಮ್ಮ ಪಕ್ಕದ ಮನೆಯ ಸುದ್ದಿಯೇ ಗೊತ್ತಿರಲಿಲ್ಲ. ಇವಳು ಒಂಬತ್ತು ಚುಕ್ಕಿ ಇಟ್ಟಳು. ಇಟ್ಟ ಮೇಲೆ ನೋಡುತ್ತಾಳೆ, ಏಳು ಚುಕ್ಕಿ ಬಾವಿಯಿಂದ ಎಲ್ಲಕ್ಕಿಂತ ದೂರವಿದ್ದ ಒಂದೇ ಓಣಿಯಲ್ಲಿ ಬಿದ್ದಿವೆ. ‘ಅದೇ ಊರಾಗ ಹುಟ್ಟಿ ಬೆಳದೀನ್ರಿ ಸರ್. ಬೆಂಗಳೂರಿಗಿ ಹೋದ ಮ್ಯಾಲೆ ಊರು ಕಾಣಿಸ್ತು’ ಎಂದಳು. ಆ ದಿನದಿಂದ ಅವಳ ಬಾಯಿ ಬಿಚ್ಚಿತಂತೆ, ಹರಕುಮುರುಕು ಇಂಗ್ಲಿಷಿನಲ್ಲಿ.

ನಕ್ಷೆಯ ಮಾತು ಬಂದಾಗ ನನಗೆ ಒಳಗೊಳಗೇ ಹೆಮ್ಮೆ. ಯಾಕೆಂದರೆ 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ಡಾ. ಜಾನ್ ಸ್ನೋ ಸತ್ತವರ ಮನೆಗಳನ್ನು ಲೆಕ್ಕ ಹಾಕಿ, ಎಲ್ಲವೂ ಒಂದೇ ಬೋರ್‌ಪಂಪಿನ ಸುತ್ತ ಇವೆ ಎಂದು ತೋರಿಸಿ, ಪಂಪಿನ ಹಿಡಿಕೆ ತೆಗೆಸಿದ ಕಥೆಯನ್ನು ನಾನು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ಇವಳ ಕ್ಲಾಸಿನಲ್ಲೂ ಹೇಳಿದ್ದೆ. ‘ನೆನಪಿದೆಯಾ?’ ಎಂದೆ. ‘ಅದಾ ರಿ ಸರ್. ಆದ್ರ ನೀವು ಅರ್ಧ ಹೇಳಿದ್ರಿ’ ಎಂದಳು. ಸ್ನೋನ ಲೆಕ್ಕವನ್ನು ಮೊದಲು ನಂಬದೆ, ಅದನ್ನು ಸುಳ್ಳು ಮಾಡಲೆಂದೇ ಹೊರಟ ಹೆನ್ರಿ ವೈಟ್‌ಹೆಡ್ ಎಂಬ ತರುಣ ಪಾದ್ರಿಯೊಬ್ಬನಿದ್ದ. ಆ ಓಣಿಯ ಜನ ಅವನಿಗೆ ಹೆಸರು ಹಿಡಿದು ಪರಿಚಯ. ಮನೆ ಮನೆ ಹೊಕ್ಕು, ಮತ್ತೆ ಮತ್ತೆ ಕೇಳಿ, ಪಂಪಿನ ಬುಡದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹಾಸಿಗೆ ಹಿಡಿದ ಕೂಸನ್ನೂ, ಅದರ ಬಟ್ಟೆ ತೊಳೆದ ನೀರು ಹೋಗಿ ಬಿದ್ದ ಗುಂಡಿಯನ್ನೂ ಪತ್ತೆ ಮಾಡಿದವನು ಅವನೇ. ಸ್ನೋ ಡಾಕ್ಟರು ಹೇಳಿದ್ದು ಸರಿ ಎಂದು ಒಪ್ಪಿಕೊಂಡವನೂ ಅವನೇ. ಇಪ್ಪತ್ತು ವರ್ಷ ಆ ಕಥೆ ಹೇಳಿದವನು ನಾನು. ಪಾದ್ರಿ ನನ್ನ ಪಾಠದಲ್ಲಿ ಇರಲೇ ಇಲ್ಲ.

ಆಮೇಲೆ ಅವಳನ್ನು ಜಾಮಖೇಡಕ್ಕೆ ಕರೆದುಕೊಂಡು ಹೋದರು. ಅವಳ ಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದದ್ದು ಈ ಊರು. ಆಗಿನ ಅಹಮದನಗರ ಜಿಲ್ಲೆ, 2024ರಲ್ಲಿ ಹೆಸರು ಬದಲಾಗಿ ಅಹಿಲ್ಯಾನಗರ ಆಗಿದೆ. ನಮ್ಮ ಬೀದರಿನಂತೆಯೇ ಮಳೆ ನಂಬಿ ಬದುಕುವ ಬರದ ಸೀಮೆ. ವೆಲ್ಲೂರಿನಲ್ಲಿ ವೈದ್ಯಕೀಯ ಓದಿದ ಡಾ. ರಜನಿಕಾಂತ ಆರೊಳೆ ಮತ್ತು ಡಾ. ಮೇಬೆಲ್ ಆರೊಳೆ ದಂಪತಿ ಅಮೆರಿಕದಲ್ಲಿ ಹೆಚ್ಚಿನ ತರಬೇತಿ ಪಡೆದು ಬಂದು 1970ರಲ್ಲಿ ಅಲ್ಲಿ ನೆಲೆ ನಿಂತರು. ಹಳ್ಳಿಗೆ ನರ್ಸುಗಳು ಬಂದು ಉಳಿಯುವುದಿಲ್ಲ ಎಂದು ಬೇಗ ತಿಳಿಯಿತು. ಹಾಗಾಗಿ ಹಳ್ಳಿಯವರೇ ಆರಿಸಿದ ಹೆಂಗಸರನ್ನು ಕರೆದು ಕಲಿಸಿದರು. ಬಹಳ ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಹಲವರು ದಲಿತರು, ಗಂಡ ಬಿಟ್ಟವರು. ವಾರ ವಾರ ಜಾಮಖೇಡಕ್ಕೆ ಬಂದು ಕೂತು ಕಲಿತು ಊರಿಗೆ ಮರಳುವುದು, ಮುಂದಿನ ವಾರ ಊರಿನ ಸುದ್ದಿ ತರುವುದು. ಹೆರಿಗೆ, ಕೂಸಿನ ತೂಕ, ಭೇದಿಗೆ ಉಪ್ಪು ಸಕ್ಕರೆ ನೀರು, ಕುಷ್ಠದ ಮಚ್ಚೆ ಗುರುತಿಸುವುದು ಎಲ್ಲವನ್ನೂ ಇವರೇ ನೋಡಿಕೊಂಡರು. 1971ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 176 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ಆ ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯಿತು. 1979ರಲ್ಲಿ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೇಬೆಲ್ 1999ರಲ್ಲಿ, ಆರೊಳೆಯವರು 2011ರಲ್ಲಿ ತೀರಿಕೊಂಡರು. ಇವಳು ಹೋಗುವ ಹೊತ್ತಿಗೆ ಇಬ್ಬರೂ ಇರಲಿಲ್ಲ. ಆದರೆ ಆ ಮುದುಕಿಯರಿದ್ದರು.

ಇವಳಿಗೆ ಮರಾಠಿ ತಾಯಿನುಡಿ. ಎಂಬಿಬಿಎಸ್ಸಿನವರು ದುಭಾಷಿಗಾಗಿ ಕಾಯುತ್ತಿದ್ದಾಗ ಇವಳು ಒಬ್ಬ ಮುದುಕಿಯ ಹಿಂದೆ ಅಡುಗೆಮನೆಯ ತನಕ ಹೋಗಿ ಕೂತಳು. ಆ ಅಜ್ಜಿಗೆ ನೀವು ಜನರಿಗೆ ಹೇಗೆ ತಿಳಿಸಿ ಹೇಳುತ್ತೀರಿ ಎಂದು ಕೇಳಿದಳಂತೆ. ನಾನು ಮೊದಲು ಹೇಳುವುದೇ ಇಲ್ಲ, ಅವರ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತೇನೆ ಎಂಬ ಅರ್ಥದ ಉತ್ತರ ಬಂತು.

2016ರ ಜುಲೈಯಲ್ಲಿ ಕ್ಷೇತ್ರ ಅಧ್ಯಯನಕ್ಕೆಂದು ಹುಡುಗಿ ಜಿಲ್ಲೆಗೆ ಮರಳಿದಳು. ವಿಷಯ: ಹದಿಹರೆಯದ ಹುಡುಗಿಯರ ರಕ್ತಹೀನತೆ. ಗುರುಗಳ ಶಾಲೆಯೆಂದು ನಮ್ಮಲ್ಲಿಗೇ ಬಂದಳು. ನನಗೆ ಖುಷಿ. ರಿಜಿಸ್ಟರು ತೆಗೆದು ತೋರಿಸಿದೆ. ಪುಟ ತಿರುವಿ, ‘ಚಂದ ಬರದೀರಿ ಸರ್’ ಎಂದಳು. ಮಧ್ಯಾಹ್ನ ಒಬ್ಬಳೇ ಶಾಲೆಯ ಸುತ್ತ ತಿರುಗಿ ಬಂದು ನನ್ನ ಮೇಜಿನ ಮೇಲೆ ಕಾಗದದ ಪೊಟ್ಟಣವೊಂದನ್ನು ಬಿಚ್ಚಿದಳು. ಕಾಂಪೌಂಡಿನ ಆಚೆ, ಹುಡುಗಿಯರ ಶೌಚಾಲಯದ ಹಿಂದಿನ ಮೋರಿಯಿಂದ ಆರಿಸಿ ತಂದದ್ದು. ಅರ್ಧ ಕರಗಿದ ನೀಲಿ ಗುಳಿಗೆಗಳು. ಎಣಿಸಲಿಲ್ಲ. ಎಣಿಸುವ ಧೈರ್ಯ ನನಗಿರಲಿಲ್ಲ.

ನಾನು ಮಕ್ಕಳ ಮೇಲೆ ರೇಗಿದೆ. ಸರ್ಕಾರ ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆಯಿಲ್ಲ ಎಂದೆ, ನಾಳೆ ಪ್ರಾರ್ಥನೆಯಲ್ಲೇ ವಿಚಾರಿಸುತ್ತೇನೆ ಎಂದೆ. ಅವಳು ಕೇಳಿಸಿಕೊಂಡು ಕೂತಿದ್ದಳು. ನನ್ನ ಸಿಟ್ಟು ಇಳಿದ ಮೇಲೆ, ‘ಸರ್, ನಾಳೆ ಮುಂಜಾನೆ ಏನೂ ತಿನ್ನದೇ ಬಂದು ಒಂದು ಗುಳಿಗಿ ನುಂಗ್ತೀರೇನ್ರಿ?’ ಎಂದಳು.

ನುಂಗಿದೆ. ಎರಡನೆಯ ಪಿರಿಯಡ್ಡಿನಲ್ಲಿ ಹೊಟ್ಟೆ ತೊಳಸತೊಡಗಿತು. ಬೆಳಕಿನ ವಕ್ರೀಭವನ ಹೇಳುತ್ತಿದ್ದವನು ಕುರ್ಚಿ ಹಿಡಿದು ಕೂತೆ. ಮರುದಿನ ಬೆಳಿಗ್ಗೆ ಮಲದ ಬಣ್ಣ ಡಾಂಬರಿನಂತಾಗಿದ್ದನ್ನು ಕಂಡು, ಬಿಎಸ್ಸಿ ಓದಿದ ನನ್ನ ಎದೆಯೂ ಒಂದು ಕ್ಷಣ ಝಲ್ಲೆಂದಿತು. ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವ ಬಣ್ಣ ಅದು, ಅಪಾಯವೇನಿಲ್ಲ. ನನಗೆ ಗೊತ್ತಿತ್ತು. ಹದಿಮೂರು ವರ್ಷದ ಹುಡುಗಿಗೆ ಯಾರು ಹೇಳಿದ್ದರು?

ಕಾರ್ಯಕ್ರಮದ ಸೂಚನಾ ಪುಸ್ತಿಕೆ ನನ್ನ ಕಪಾಟಿನಲ್ಲೇ ಇತ್ತು. ತೆಗೆದು ಓದಿದೆ. ಗುಳಿಗೆಯನ್ನು ಮಧ್ಯಾಹ್ನದ ಊಟದ ನಂತರ, ಶಿಕ್ಷಕರ ಕಣ್ಣೆದುರಿಗೆ ನುಂಗಿಸಬೇಕು ಎಂದಿದೆ. ಲೆಕ್ಕ ಬೆಳಿಗ್ಗೆಯೇ ಮುಗಿದುಹೋಗಲಿ ಎಂದು ನಾನು ಮೊದಲ ಪಿರಿಯಡ್ಡಿಗೆ ತಂದುಕೊಂಡಿದ್ದೆ. ದೂರದ ಊರುಗಳಿಂದ ಬರುವ ಹುಡುಗಿಯರು ಏಳಕ್ಕೆ ಮನೆ ಬಿಡುತ್ತಾರೆ. ಹೊಟ್ಟೆಯಲ್ಲಿ ಒಂದು ಲೋಟ ಚಹಾ, ಎರಡು ಖಾರಿ, ಅಷ್ಟೆ. ಚಹಾದಲ್ಲಿನ ಟ್ಯಾನಿನ್ ಕಬ್ಬಿಣವನ್ನು ಕಟ್ಟಿ ಹಾಕುತ್ತದೆ, ಕರುಳು ಅದನ್ನು ಹೀರಿಕೊಳ್ಳಲಾರದು. ಅಂದರೆ ನುಂಗಿದ ಕೆಲವರಿಗೂ ಪೂರ್ತಿ ಪ್ರಯೋಜನವಾಗುತ್ತಿರಲಿಲ್ಲ.

ಇಲ್ಲೊಂದು ಮಾತು. ನಮ್ಮ ಬೀದರ ಕೋಟೆ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಮನುಷ್ಯನ ಇಡೀ ಮೈಯಲ್ಲಿರುವ ಕಬ್ಬಿಣವಾದರೋ ಮೂರು ನಾಲ್ಕು ಗ್ರಾಂ, ಒಂದು ಮೊಳೆಯಷ್ಟು. ಆ ಒಂದು ಮೊಳೆ ಕಡಿಮೆಯಾದ ಹೆಂಗಸರು ನಮ್ಮ ದೇಶದಲ್ಲಿ ನೂರಕ್ಕೆ 57 ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕರ್ನಾಟಕದಲ್ಲಿ 47.8. ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮದು 44.8 ಇತ್ತು. ಅಂದರೆ ಗುಳಿಗೆ ಹಂಚುತ್ತ ಹಂಚುತ್ತ ಮೇಲೇರಿದೆ. ದೇಶದ ಎಲ್ಲ ಶಾಲೆಗಳ ರಿಜಿಸ್ಟರುಗಳೂ ನನ್ನದರ ಹಾಗೇ ಚಂದ ಇದ್ದವೋ ಏನೋ.

ಹುಡುಗಿ ಯಾರ ಮೇಲೂ ದೂರು ಬರೆಯಲಿಲ್ಲ. ಭಾಷಣವನ್ನೂ ಮಾಡಲಿಲ್ಲ. ಎರಡು ವಾರ ಮಧ್ಯಾಹ್ನದ ಊಟಕ್ಕೆ ಹುಡುಗಿಯರ ಸಾಲಿನಲ್ಲಿ ತಟ್ಟೆ ಹಿಡಿದು ಕೂತಳು. ಮೂರನೆಯ ವಾರಕ್ಕೆ ಒಂದೊಂದೇ ಹೊರಬಿತ್ತು. ಹೊಟ್ಟೆ ನೋವು, ವಾಂತಿ, ಕಪ್ಪು ಮಲ ಎಲ್ಲಾ ಸರಿ. ಅದಕ್ಕಿಂತ ದೊಡ್ಡದು ಒಂದು ಸುದ್ದಿ: ಇದು ಮುಂದೆ ಮಕ್ಕಳಾಗದ ಹಾಗೆ ಮಾಡುವ ಗುಳಿಗೆ ಎಂದು ಪಕ್ಕದ ಊರಿನ ಯಾರೋ ಹೇಳಿದ್ದರಂತೆ. ತಾಯಂದಿರೇ ‘ನುಂಗಬ್ಯಾಡ, ಬಾಯಾಗ ಇಟ್ಕೊಂಡು ಉಗುಳು’ ಎಂದು ಕಲಿಸಿ ಕಳಿಸುತ್ತಿದ್ದರು. ನನ್ನ ಮುಂದೆ ಮಾತ್ರ ‘ನುಂಗೀವ್ರಿ ಸರ್’.

ತಾಯಂದಿರ ಸಭೆ ಕರೆಯೋಣ ಎಂದೆ. ಬೇಡ ಎಂದಳು. ಆಶಾ ಕಾರ್ಯಕರ್ತೆಯ ಜೊತೆ ಸಂಜೆ ಹೊತ್ತು ಮನೆಗಳಿಗೆ ಹೋಗತೊಡಗಿದಳು. ಕನ್ನಡದ ಮನೆಯಲ್ಲಿ ಕನ್ನಡ, ಮರಾಠಿಯ ಮನೆಯಲ್ಲಿ ಮರಾಠಿ. ತಾಂಡಾದಲ್ಲಿ ಮಾತ್ರ ಲಂಬಾಣಿ ಬರದೆ ಹತ್ತನೆಯ ತರಗತಿಯ ಹುಡುಗಿಯನ್ನೇ ದುಭಾಷಿ ಮಾಡಿಕೊಂಡಳು. ಎರಡು ಸಲ ಬಾಗಿಲಿಂದಲೇ ವಾಪಸು ಕಳಿಸಿದರಂತೆ. ಒಂದು ಮನೆಯಲ್ಲಿ ಅತ್ತೆಯೊಬ್ಬಳು ‘ಹಂಗಾದ್ರ ನೀ ನುಂಗು’ ಎಂದಾಗ ಅವಳೂ ನುಂಗಿದಳು, ಆಶಾ ಕೂಡ ನುಂಗಿದಳು. ನನ್ನ ಮೇಲೆ ನಡೆದ ಪ್ರಯೋಗವನ್ನು ಅವಳು ಎಲ್ಲ ಕಡೆ ಹೇಳಿಕೊಂಡು ಬಂದಿದ್ದಾಳೆಂದು ಆಮೇಲೆ ತಿಳಿಯಿತು. ‘ಮಾಸ್ತರ್ ಕುರ್ಚಿ ಹಿಡದು ಕುಂತ್ರು’ ಎಂದು ಊರೆಲ್ಲ ನಗು.

ಗುಳಿಗೆಯ ಕೆಲಸ ಮಧ್ಯಾಹ್ನ ಒಂದೂವರೆಗೆ, ಊಟದ ನಂತರಕ್ಕೆ ಹೋಯಿತು. ಹುಳಿ ಇದ್ದರೆ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಸಿ ಜೀವಸತ್ವ ಅದನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಸೋಮವಾರದ ಸಾಂಬಾರಿಗೆ ನಿಂಬೆಹಣ್ಣು ಹಿಂಡುವ ಏರ್ಪಾಡು ಅಡುಗೆಯವರೇ ಮಾಡಿಕೊಂಡರು. ಆ ಮೊದಲ ಸೋಮವಾರ ಒಂಬತ್ತನೆಯ ತರಗತಿಯ 38 ಹುಡುಗಿಯರಲ್ಲಿ ನಿಜವಾಗಿ ನುಂಗಿದವರು 11. ಹನ್ನೊಂದು ಎಂದೇ ಬರೆದೆ. ತಿಂಗಳ ಕೊನೆಗೆ ಸಂಬಂಧಪಟ್ಟ ಕಚೇರಿಯಿಂದ ಫೋನು: ನಿಮ್ಮೊಂದು ಶಾಲೆಯಿಂದ ಇಡೀ ತಾಲ್ಲೂಕಿನ ಪರ್ಸೆಂಟೇಜ್ ಬಿದ್ದಿದೆ, ಇಷ್ಟು ದಿನ ಸರಿಯಾಗಿದ್ದದ್ದು ಈಗೇನಾಯಿತು? ಇಷ್ಟು ದಿನ ಸುಳ್ಳು ಬರೆದಿದ್ದೆ ಎಂದು ಹೇಳಲು ನಾಲಗೆ ಏಳಲಿಲ್ಲ. ‘ಸುಧಾರಿಸುತ್ತೇವೆ’ ಎಂದೆ. ಲಿಖಿತ ವಿವರಣೆ ಕೇಳಿದರು, ಕೊಟ್ಟೆ. ಅದರಲ್ಲೂ ಪೂರ್ತಿ ಸತ್ಯ ಬರೆಯಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇಷ್ಟೇ ಆಗಿದ್ದರೆ ನಾನು ಈ ಅಂಕಣಕ್ಕೆ ಇದನ್ನು ತರುತ್ತಿರಲಿಲ್ಲವೇನೋ. ಆಗಸ್ಟಿನಲ್ಲಿ ಆರೋಗ್ಯ ತಪಾಸಣೆಯ ತಂಡ ಬಂದು ರಕ್ತ ಪರೀಕ್ಷೆ ಮಾಡಿತು. ಹುಡುಗಿಯರಿಗೆ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಬಹಳ ಮಂದಿಗೆ ಒಂಬತ್ತು, ಹತ್ತು. ಕೊನೆಯ ಬೆಂಚಿನ ಒಬ್ಬಳಿಗೆ 6.4.

ಅವಳು ನನಗೆ ಚೆನ್ನಾಗಿ ಗೊತ್ತಿದ್ದಳು. ದಿನಾ ಎರಡನೆಯ ಪಿರಿಯಡ್ಡಿಗೆ ತೂಕಡಿಸುವವಳು. ಆ ವರ್ಷ ಎಷ್ಟು ಸಲ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ಲೆಕ್ಕವಿಟ್ಟಿಲ್ಲ. ‘ರಾತ್ರಿ ಏನು ಕಳ್ಳತನಕ್ಕೆ ಹೋಗಿದ್ದೆಯಾ’ ಎಂದು ಕೇಳಿ ಇಡೀ ತರಗತಿಯನ್ನು ನಗಿಸಿದ್ದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅರ್ಧಕ್ಕಿಳಿದವರಿಗೆ ನಿಂತರೆ ತಲೆ ಸುತ್ತುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಈ ಪಾಠವನ್ನು ಅದೇ ತರಗತಿಯಲ್ಲಿ, ಅವಳನ್ನು ನಿಲ್ಲಿಸಿಕೊಂಡೇ ಹೇಳಿದ್ದೆ.

ಭಾಲ್ಕಿಯ ಆಸ್ಪತ್ರೆಯಲ್ಲಿ ನೋಡಿ ಬೀದರಿಗೆ ಕಳಿಸಿದರು. ತಾಯಿ ಕೂಲಿ ಬಿಟ್ಟು ಬರಲಾರೆ ಎಂದಾಗ ನನ್ನ ವಿದ್ಯಾರ್ಥಿನಿಯೇ ನಾಲ್ಕು ದಿನ ಜೊತೆಗಿದ್ದಳು. ದೀಪಾವಳಿಯ ಹೊತ್ತಿಗೆ ಆ ಕುಟುಂಬ ಕಬ್ಬು ಕಡಿಯಲು ಗಡಿಯಾಚೆ ಹೊರಟಿತು, ಮಗಳೂ ಜೊತೆಗೆ. ತಡೆಯಲು ನಮಗೆ ಆಗಲಿಲ್ಲ. ಹೊರಡುವ ಹಿಂದಿನ ಸಂಜೆ ಆಶಾ ಕಾರ್ಯಕರ್ತೆ ಮೂರು ತಿಂಗಳ ಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ, ತಾಯಿಯ ಸೆರಗಿಗೆ ಗಂಟು ಹಾಕಿ ಬಂದಳು. ಫೆಬ್ರುವರಿ ಕೊನೆಗೆ ಹುಡುಗಿ ಮರಳಿ ಬಂದಾಗ 9.1 ಇತ್ತು. ಒಂಬತ್ತನೆಯದು ಹೇಗೋ ದಾಟಿದಳು. ಮರುವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನಕ್ಕೆ 41 ಅಂಕ. ಅವಳ ಬಳಿ ಕ್ಷಮೆ ಕೇಳಬೇಕೆಂದು ಫಲಿತಾಂಶದ ದಿನ ಅಂದುಕೊಂಡಿದ್ದೆ. ಪೇಢಾ ಕೊಟ್ಟು ಕಾಲು ಮುಟ್ಟಿ ಹೊರಟೇಹೋದಳು.

ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ನೆನಪಿರಬಹುದು. ಮೆಟ್ಟಿಲುಬಾವಿಯ ನೀರು ಕುಡಿದವರ ಕಾಲಿನಿಂದ ಮೊಳಗಟ್ಟಲೆ ಹುಳು ಹೊರಬರುತ್ತಿತ್ತು. ಅದಕ್ಕೆ ಲಸಿಕೆ ಇಲ್ಲ, ಔಷಧ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿರಿ, ಹುಣ್ಣಿದ್ದವರು ಬಾವಿಗೆ ಇಳಿಯಬೇಡಿರಿ ಎಂದು ಮನೆ ಮನೆಗೆ ಹೇಳಿ, ಬಾವಿಗಳನ್ನು ಬದಲಿಸಿ, 1996ರಲ್ಲಿ ಕೊನೆಯ ರೋಗಿಯನ್ನು ಕಂಡು, 2000ದಲ್ಲಿ ಭಾರತ ಅದರಿಂದ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಆ ಮನೆಮನೆಗೆ ಹೋದವರ ಹೆಸರು ಯಾರಿಗೂ ಗೊತ್ತಿಲ್ಲ. ಹುಡುಗಿಯ ತಂದೆಗೆ ನಾಯಕತ್ವವೆಂದರೆ ಏನು ಎಂದು ಹೇಳಲು ನನಗೆ ಆಗ ಈ ಉದಾಹರಣೆ ಹೊಳೆದಿರಲಿಲ್ಲ.

ತರಬೇತಿ ಮುಗಿದ ಮೇಲೆ ಅವಳಿಗೆ ಬೆಂಗಳೂರಿನಲ್ಲೇ ಕೆಲಸ ಸಿಗುವುದಿತ್ತು. ಒಂದು ವರ್ಷ ಅಲ್ಲಿದ್ದು ಔರಾದಕ್ಕೆ ಮರಳಿದಳು. ಸಂಬಳ ಕಡಿಮೆ. ಎಷ್ಟು ಎಂದು ನಾನು ಕೇಳುವುದಿಲ್ಲ, ಕೇಳಿದರೆ ಬಿಎಡ್ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತು. ಅವಳ ನಕ್ಷೆಯ ಆ ಓಣಿಗೆ ನಲ್ಲಿ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಹಿಂದಿನ ತಿಂಗಳು ಭಾಲ್ಕಿಯ ಸ್ಟೇಷನ್ನಿನಲ್ಲಿ ಸಿಕ್ಕಳು. ಉದಗೀರದ ಕಡೆಯಿಂದ ಬರುವ ರೈಲು ತಡವಾಗಿತ್ತು. ಚಹಾ ತರಿಸಲೇ ಎಂದೆ.

‘ಊಟ ಮಾಡಿ ಎಷ್ಟು ಹೊತ್ತಾಯ್ತ್ರಿ ಸರ್?’ ಎಂದು ಕೇಳಿದಳು.